ಎಂಟನೆಯ ಭಾಗ ದನದ ಆಸ್ಪತ್ರೆಯಲ್ಲಿದೆ

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಪುಸ್ತಕಕ್ಕೆ ನಂಬರು ಹಾಕುವುದನ್ನು ಕಲಿಸುತ್ತಾರೆ. ಕಂಪ್ಯೂಟರಿಗೆ ಹೆಸರು ಏರಿಸುವುದನ್ನು ಕಲಿಸುತ್ತಾರೆ. ಈಚೆಗೆ ಜನರ ಮೊಬೈಲಿಗೆ ಓದುವ ಆ್ಯಪ್ ಹಾಕಿಕೊಡುವುದನ್ನೂ ಕಲಿಸುತ್ತಾರಂತೆ. ಆದರೆ ಓದದವರನ್ನು ಏನು ಮಾಡಬೇಕೆಂದು ಯಾರೂ ಕಲಿಸುವುದಿಲ್ಲ. ನನಗೂ ಕಲಿಸಲಿಲ್ಲ. ಹಾಗಾಗಿ ನಾನು ಪುಸ್ತಕವನ್ನು ಕೊಯ್ದೆ.

ಕೊಯ್ದದ್ದು ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋಗುವ ಬಸ್ಸುಗಳು ಉಸಿರು ತೆಗೆದುಕೊಳ್ಳಲು ನಿಲ್ಲುವ ಒಂದು ಸಣ್ಣ ಪೇಟೆ ಅಂದುಕೊಳ್ಳಿ. ಈ ಕಥೆಯಲ್ಲಿ ಒಂದು ಹಸುವಿದೆ. ಹಸುವಿನ ಯಜಮಾನರು ಬದುಕಿದ್ದಾರೆ, ಹಸುವೂ ಬದುಕಿದೆ, ಇಬ್ಬರಿಗೂ ಮಾನವಿದೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನಿವೃತ್ತರಾದವರ ನೆನಪುಗಳಲ್ಲಿ ಎಲ್ಲವೂ ಇಸ್ತ್ರಿ ಹಾಕಿದ ಹಾಗೆ ಇರುತ್ತದೆ. ಸರಿಯಾದ ಹೊತ್ತಿಗೆ ಸರಿಯಾದ ಮನುಷ್ಯ ಬಂದು ಸರಿಯಾದ ಮಾತು ಆಡಿ ಹೋಗುತ್ತಾನೆ. ನನಗೆ ಅಂಥ ನೆನಪುಗಳ ಮೇಲೆ ಗುಮಾನಿ. ಉದಾಹರಣೆಗೆ, ನಾನು ಮೊದಲ ಸಲ ಪುಸ್ತಕಕ್ಕೆ ಬ್ಲೇಡು ಹಾಕಿದ ದಿನ ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಸುರಿಯುತ್ತಿರಲಿಲ್ಲ. ಬಿಸಿಲಿತ್ತು. ಅಥವಾ ಮೋಡವಿತ್ತು. ಬ್ಲೇಡು ಇದ್ದದ್ದು ಮಾತ್ರ ಖಂಡಿತ.

ನಮ್ಮ ಶಾಖೆ ಬಸ್‌ಸ್ಟ್ಯಾಂಡಿನ ಪಕ್ಕದ ಒಂದು ಕೋಣೆ. ಜನ ಬರುತ್ತಿದ್ದರು. ಪೇಪರು ನೋಡುತ್ತಿದ್ದರು, ಫ್ಯಾನಿನ ಕೆಳಗೆ ಕೂರುತ್ತಿದ್ದರು, ಬಸ್ಸು ಬಂದ ಕೂಡಲೇ ಗುಬ್ಬಿಗಳ ಹಾಗೆ ಪುರ್ರೆಂದು ಏಳುತ್ತಿದ್ದರು. ಪುಸ್ತಕ ಕೊಡಲೇ ಎಂದರೆ ಸಾಲ ಕೊಡಲೇ ಎಂದ ಹಾಗೆ ಹಿಂದೆ ಸರಿಯುತ್ತಿದ್ದರು. "ಅಯ್ಯೋ, ಇಷ್ಟು ದಪ್ಪದ್ದನ್ನ ಯಾರು ಮಾರಾಯ್ರೆ ಓದೋದು? ತಲೆದಿಂಬಿಗೆ ಆಗ್ತದೆ."

ಅದೇ ಜನ ಗಿರಣಿಯಲ್ಲಿ ಗೋಧಿ ಬೀಸುವವರೆಗೆ ಹಳೆಯ ಪೇಪರಿನ ಪೊಟ್ಟಣ ಬಿಡಿಸಿ, ಅರ್ಧಕ್ಕೆ ಹರಿದ ಕೊಲೆ ಸುದ್ದಿಯನ್ನು ಬಾಯಿ ತೆರೆದು ಓದುತ್ತಿದ್ದದ್ದನ್ನು ನಾನು ನೋಡಿದ್ದೆ. ಕಟಿಂಗ್ ಶಾಪಿನಲ್ಲಿ ತಮ್ಮ ಸರದಿಗೆ ಕಾಯುತ್ತ ಗೋಡೆಯ ಮೇಲಿನ ಎಣ್ಣೆ ಜಾಹೀರಾತನ್ನು ಬಾಯಿಪಾಠ ಮಾಡಿದವರಿದ್ದರು. ಹಾಗಾದರೆ ಜನ ಓದುವುದಿಲ್ಲ ಎನ್ನುವುದು ಸುಳ್ಳು. ಕಾಯುವಾಗ ಓದುತ್ತಾರೆ. ಮತ್ತು ತೆಳ್ಳಗಿದ್ದರೆ ಓದುತ್ತಾರೆ. ನನಗೆ ಅಷ್ಟು ಸಾಕಾಯಿತು.

ಬೆನ್ನು ಮುರಿದು ಇಲಾಖೆ ಕೈಬಿಟ್ಟಿದ್ದ ಒಂದು ದಪ್ಪ ಕಾದಂಬರಿ ಮೂಲೆಯಲ್ಲಿ ಬಿದ್ದಿತ್ತು. ಹೆಸರು ಬೇಡ. ಎಂದೋ ಅಚ್ಚಾಗಿ, ಮತ್ತೆ ಅಚ್ಚಾಗದೆ, ಪ್ರಕಾಶಕರೂ ಅಂಗಡಿ ಮುಚ್ಚಿದ್ದ ಪುಸ್ತಕ. ಒಬ್ಬ ಹೆಂಗಸು ಗಂಡನ ಮನೆಯಿಂದ ಹೊರಟು ದೋಣಿಗಟ್ಟೆಯವರೆಗೆ ಬರುವ ಕಥೆ. ಅದನ್ನು ಎಂಟು ಭಾಗ ಮಾಡಿದೆ. ದಬ್ಬಣದಿಂದ ಹೊಲಿದು, ರಟ್ಟು ಅಂಟಿಸಿ, ಒಂದೊಂದನ್ನು ಒಂದೊಂದು ಕಾಯುವ ಜಾಗದಲ್ಲಿ ಗೋಣಿದಾರದಲ್ಲಿ ಕಟ್ಟಿ ತೂಗುಬಿಟ್ಟೆ. ಒಂದನೆಯದು ಬಸ್‌ಸ್ಟ್ಯಾಂಡಿನ ಚಾ ಅಂಗಡಿ. ಎರಡು ಗಿರಣಿ. ಮೂರು ಕಟಿಂಗ್ ಶಾಪು. ನಾಲ್ಕು ಟೈಲರು. ಹೀಗೆ ಹೋಗಿ ಹೋಗಿ ಎಂಟನೆಯದು ದನದ ಆಸ್ಪತ್ರೆ. ಪ್ರತಿಯೊಂದರ ಕೊನೆಯಲ್ಲಿ ಮುಂದಿನ ಭಾಗ ಎಲ್ಲಿದೆ ಎಂದು ಬರೆದೆ. ನಿಯಮ ಒಂದೇ: ಅಲ್ಲೇ ಕೂತು ಓದಬೇಕು, ಒಯ್ಯುವ ಹಾಗಿಲ್ಲ.

ಅಂಟು ಗಿರಣಿಯದ್ದು. ಗಿರಣಿ ನಡೆಸುತ್ತಿದ್ದವಳು ನಾಗವೇಣಿ. ಮೈದಾ ಅಂಟು ನಿಲ್ಲುವುದಿಲ್ಲ ಎಂದು ತಾನೇ ಗೋಧಿ ಹಿಟ್ಟು ಕಲಸಿ ಕಾಯಿಸಿಕೊಟ್ಟಳು. ಹುಳ ಬೀಳದ ಹಾಗೆ ಮುಷ್ಟಿಗಟ್ಟಲೆ ಉಪ್ಪು ಹಾಕಿದಳು. ಉಪ್ಪಿನಕಾಯಿ ಕೆಡುವುದಿಲ್ಲವಲ್ಲ, ಪುಸ್ತಕ ಯಾಕೆ ಕೆಡುತ್ತದೆ? ಉಪ್ಪು ಹಾಕಲು ಹೇಳಿದವರು ನೀವೇ ಎಂದು ಅವಳು ಈಗಲೂ ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ಹೇಳಿದ್ದಂತೂ ಹೌದು.

ನಾಗವೇಣಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಬರುತ್ತಿತ್ತು, ಪುಸ್ತಕ ಬರುತ್ತಿರಲಿಲ್ಲ. ಗ್ರಂಥಾಲಯದ ಮೆಟ್ಟಿಲು ಹತ್ತಿದವಳೇ ಅಲ್ಲ. ಕಣ್ಣೆದುರಿಗೇ ಎರಡನೆಯ ಭಾಗ ತೂಗಾಡುತ್ತಿದ್ದದ್ದರಿಂದ, ಬೀಸುಕಲ್ಲು ತಿರುಗುವಾಗ ಅರ್ಧರ್ಧ ಪುಟ ಓದತೊಡಗಿದಳು. ಅವಳ ನಾದಿನಿ ಕೊಪ್ಪದಲ್ಲಿ ಟೀಚರು. ಹಬ್ಬಕ್ಕೆ ಬಂದವಳು ಇದನ್ನು ಕಂಡು ನಕ್ಕಳು.

"ಎಂತ ಅತ್ತಿಗೆ, ಕಾದಂಬರಿಯಾ? ನೀವು ಒಂದು ಪುಸ್ತಕ ಪೂರ್ತಿ ಓದಿದ ದಿನ ನಾನು ನಿಮ್ಮ ಗಿರಣಿಗೆ ಬಂದು ರಾಗಿ ಬೀಸ್ತೀನಿ."

"ಹಳೇ ಸೀರೆ ಉಟ್ಕೊಂಡು ಬಾ ಮತ್ತೆ," ಎಂದಳು ನಾಗವೇಣಿ. "ಹಿಟ್ಟು ಹಾರ್ತದೆ."

ಅಂದಿನಿಂದ ಅದು ಅವಳ ಪ್ರಾಣದ ಪ್ರಶ್ನೆಯಾಯಿತು. ಒಂದು ಪುಸ್ತಕ. ಪೂರ್ತಿ. ತಾನೇ.

ಎರಡನ್ನು ಮುಗಿಸಿ ಒಂದಕ್ಕೆ ಹೋದಳು. ಹಿಂದಿನದನ್ನು ಆಮೇಲೆ ಓದಿದ್ದರಿಂದ ಕಥೆಯಲ್ಲಿ ಯಾರು ಏನು ಸುಳ್ಳು ಹೇಳುತ್ತಾರೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. "ಇವಳಿಗೆ ಗೊತ್ತಾಗ್ತಾ ಇಲ್ವಲ್ಲ ಮಾರಾಯ್ತಿ, ಆ ಮುದುಕಿ ಕಳ್ಳಿ ಅಂತ!" ಎಂದು ಚಾ ಅಂಗಡಿಯಲ್ಲಿ ಗಟ್ಟಿಯಾಗಿ ಕೂಗಿದಳಂತೆ. ಚಾ ಕುಡಿಯುತ್ತಿದ್ದವರೆಲ್ಲ ಯಾವ ಮುದುಕಿ ಎಂದು ತಿರುಗಿ ನೋಡಿದರಂತೆ. ಪುಸ್ತಕವನ್ನು ಎರಡನೆಯ ಭಾಗದಿಂದಲೇ ಶುರು ಮಾಡಬೇಕೆಂದು ನನಗೆ ಆಗಿನಿಂದ ಅನ್ನಿಸಿದೆ.

ಮೂರನೆಯದಕ್ಕೆ ಕಟಿಂಗ್ ಶಾಪಿಗೆ ಹೋಗಬೇಕು. ಅಲ್ಲಿಗೆ ಹೆಂಗಸರು ಹೋಗುವುದುಂಟೇ? ನಾಗವೇಣಿ ಬಾಗಿಲಲ್ಲಿ ನಿಂತಳು. ಒಳಗೆ ಸೀನ ಕತ್ತಿ ಮಸೆಯುತ್ತಿದ್ದ. ಕುರ್ಚಿಯಲ್ಲಿ ನೊರೆ ಹಚ್ಚಿಕೊಂಡು ಕೂತಿದ್ದವರ ಕೈಯಲ್ಲೇ ಮೂರನೆಯ ಭಾಗವಿತ್ತು.

"ಸೀನಣ್ಣ, ನಿಮ್ಮ ಮೂರು ಕೊಡಿ."

"ಎಂತ ಮೂರು?"

"ಅದೇ, ಅವರ ಕೈಲಿರೋದು."

ನೊರೆಯ ಮನುಷ್ಯ ತುಟಿ ಅಲುಗಿಸದೆ ಹೇಳಿದ: "ನಾನು ಬಿಡಲ್ಲ. ಕಥೇಲಿ ಈಗಷ್ಟೇ ಅವಳ ಮಾವ ಬಂದಿದ್ದಾನೆ."

ಸೀನ ಗಡ್ಡ ಬೋಳಿಸಿ ನೊರೆ ಒರೆಸುವವರೆಗೆ ನಾಗವೇಣಿ ಬಾಗಿಲಲ್ಲೇ ಕಾದಳು. "ಮಾವ ಬಂದ್ರೆ ಬರ್ಲಿ, ನಿಮ್ಮ ಗಡ್ಡ ಮುಗೀತಲ್ಲ, ಏಳಿ!"

"ಮುಗೀಲಿಲ್ಲ. ಸೀನ, ಇನ್ನೊಂದು ಸಲ ಹೊಡಿ."

ಆ ಮನುಷ್ಯ ಅದೇ ಗಡ್ಡವನ್ನು ಎರಡು ಸಲ ಬೋಳಿಸಿಕೊಂಡ. ಸೀನ ಕೊನೆಗೆ ಒಂದು ಬೆಂಚನ್ನು ಎತ್ತಿ ಹೊರಗೆ ಜಗಲಿಗೆ ಹಾಕಿ, ದಾರವನ್ನು ಕಿಟಕಿಯಿಂದ ಆಚೆ ಬಿಟ್ಟ. ಒಂದು ವಾರದಲ್ಲಿ ಆ ಬೆಂಚಿನ ಮೇಲೆ ನಾಗವೇಣಿಯ ಜೊತೆ ಇನ್ನೂ ಹೆಂಗಸರು ಕೂತಿದ್ದರು. ಅವರ ಮುಂದೆ ಕೂದಲು ಕತ್ತರಿಸಿಕೊಳ್ಳಲು ನಾಚಿ ಗಂಡಸರು ಬಾಳೆಹೊನ್ನೂರಿಗೆ ಬಸ್ಸು ಹಿಡಿಯುತ್ತಿದ್ದರು. ಸೀನ ನನ್ನನ್ನು ಬೈದ. ಆದರೆ ದಾರ ಬಿಚ್ಚಲಿಲ್ಲ. ಅವನೂ ನಾಲ್ಕನೆಯದಕ್ಕೆ ಟೈಲರ್ ಹತ್ತಿರ ಹೋಗಿ ಬೇಡದ ಅಂಗಿಗೆ ಅಳತೆ ಕೊಟ್ಟಿದ್ದ.

ಆ ಹೊತ್ತಿಗೇ ಜಿಲ್ಲಾ ಕಚೇರಿಯಿಂದ ಸಾಹೇಬರು ತಪಾಸಣೆಗೆ ಬಂದರು. ಕೋಣೆಯಲ್ಲಿ ನಾನೊಬ್ಬಳೇ.

"ಓದುಗರು ಎಲ್ಲಿ?"

"ಕಟಿಂಗ್ ಶಾಪಿನಲ್ಲಿದ್ದಾರೆ ಸರ್."

ಕರೆದುಕೊಂಡು ಹೋಗಿ ತೋರಿಸಿದೆ. ಸಾಹೇಬರು ದಾರದಲ್ಲಿ ತೂಗುತ್ತಿದ್ದ ಭಾಗವನ್ನು ಎರಡು ಬೆರಳಲ್ಲಿ ಎತ್ತಿದರು. "ಏನಮ್ಮಾ ಇದು, ಪುಸ್ತಕವೋ ಕೊತ್ತಂಬರಿ ಕಟ್ಟೋ? ನಾಳೆ ತಕ್ಕಡೀಲಿ ತೂಗಿ ಕೊಡ್ತೀರಾ?" ಎಂದು ಬೈಯುತ್ತ ಒಂದು ಪುಟ ತಿರುವಿದರು. ಬೈಗುಳ ನಿಧಾನವಾಯಿತು. ಇನ್ನೊಂದು ಪುಟ. ಬೈಗುಳ ನಿಂತಿತು. ಅವರು ಟೈಲರ್ ಅಂಗಡಿಗೂ ಹೋದರು ಎಂದು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ, ಜನ ನಗುತ್ತಾರೆ. ನಿಜಕ್ಕೂ ಹೋದರೋ, ಜೀಪು ಆ ಅಂಗಡಿಯ ಎದುರು ನಿಂತಿತ್ತೋ, ನನಗೀಗ ಗೊತ್ತಿಲ್ಲ. ಬೈದದ್ದು ಖಚಿತ. ಮೇಲಧಿಕಾರಿಗಳ ಬಗ್ಗೆ ಇಷ್ಟು ಸಾಕು. ಅವರು ಬರುತ್ತಾರೆ, ಹೋಗುತ್ತಾರೆ, ಕೊತ್ತಂಬರಿ ಉಳಿಯುತ್ತದೆ.

ನಾಗವೇಣಿ ಐದು, ಆರು ದಾಟಿದಳು. ಏಳನೆಯ ಭಾಗ ಮುಗಿಯುವುದು ಕಥೆಯ ಹೆಂಗಸು ಒಂದು ಕಾಲನ್ನು ದೋಣಿಯಲ್ಲಿಟ್ಟು, ಇನ್ನೊಂದನ್ನು ದಡದಲ್ಲೇ ಊರಿಕೊಂಡು ನಿಂತಲ್ಲಿ. ಅದರ ಕೆಳಗೆ ನನ್ನದೇ ಅಕ್ಷರ: 'ಎಂಟನೆಯ ಭಾಗ ದನದ ಆಸ್ಪತ್ರೆಯಲ್ಲಿದೆ.' ನಾಗವೇಣಿಯ ಮನೆಯಲ್ಲಿ ದನ ಇರಲಿಲ್ಲ. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಪಕ್ಕದ ಮನೆಯ ಕರುವನ್ನು ಕೇಳಿ ಪಡೆದು, ಹಗ್ಗ ಹಿಡಿದು ಹೋದಳು.

ಕಾಂಪೌಂಡರ್ ರಾಘವ ಕರುವಿನ ಬಾಯಿ ಬಿಡಿಸಿ ನೋಡಿದ. "ಎಂತಾಗಿದೆ ಇದಕ್ಕೆ?"

"ಇದಕ್ಕೆಂತೂ ಆಗ್ಲಿಲ್ಲ. ಎಂಟು ಎಲ್ಲಿ?"

ರಾಘವ ಕರುವಿನ ಬಾಯಿಂದ ಕೈ ತೆಗೆದ. ಆಮೇಲೆ ದನ ಕಟ್ಟುವ ಕಂಬಿಯ ಕಡೆ ಕೈ ತೋರಿಸಿದ. ಕಂಬಿಯಲ್ಲಿ ಗೋಣಿದಾರ ಇತ್ತು. ದಾರದ ತುದಿಯಲ್ಲಿ ಏನೂ ಇರಲಿಲ್ಲ.

"ನಿನ್ನೆ ಒಂದು ಹಸು ಬಂದಿತ್ತು ಅಕ್ಕ. ಮೇವು ಮುಟ್ಟಲ್ಲ, ಹಸಿವೇ ಇಲ್ಲ ಅಂತ ಕರ್ಕೊಂಡು ಬಂದಿದ್ರು. ನಾನು ಒಳಗೆ ಔಷಧಿ ತರಕ್ಕೆ ಹೋದೆ. ಬರುವಷ್ಟರಲ್ಲಿ..."

"ಬರುವಷ್ಟರಲ್ಲಿ ಎಂತ?"

"ಹಸಿವಾಗಿತ್ತು."

ಮೊದಲು ರಟ್ಟು ನೆಕ್ಕಿತಂತೆ. ಗೋಧಿ ಹಿಟ್ಟು, ಅದಕ್ಕೆ ಹದವಾಗಿ ಉಪ್ಪು. ಆಮೇಲೆ ದೋಣಿ, ನದಿ, ಆಚೆ ದಡ, ಎಲ್ಲವನ್ನೂ ಮೆಲುಕು ಹಾಕಿತು. ಯಜಮಾನರು ಸಂತೋಷದಿಂದ ಹಸು ಹೊಡೆದುಕೊಂಡು ಹೋದರು.

ನಾಗವೇಣಿ ಕರುವನ್ನು ಎಳೆದುಕೊಂಡು ನೇರ ನನ್ನ ಬಳಿ ಬಂದಳು. ಗ್ರಂಥಾಲಯದ ಮೆಟ್ಟಿಲ ಕೆಳಗೇ ನಿಂತಳು. ಕರು ಒಳಗೆ ಇಣುಕಿತು.

"ಮೇಡಂ, ನನ್ನ ಪುಸ್ತಕ ಹಸು ತಿಂತು."

ನಾನು ಸಮಾಧಾನ ಮಾಡಲು ಹೋದೆ. ನಾನು ಆ ಪುಸ್ತಕವನ್ನು ಹಿಂದೆಂದೋ ಓದಿದ್ದವಳು. "ಚಿಂತೆ ಬೇಡ ನಾಗವೇಣಿ, ನಾನೇ ಹೇಳ್ತೀನಿ. ಅವಳು ದೋಣಿಯಿಂದ ಕಾಲು ತೆಗೆದು ಮನೆಗೆ ವಾಪಸ್ ಹೋಗ್ತಾಳೆ."

ಹಿಂದೆಯೇ ಓಡಿ ಬಂದಿದ್ದ ರಾಘವ ತಲೆ ಅಲ್ಲಾಡಿಸಿದ. "ಇಲ್ಲ ಮೇಡಂ. ದೋಣಿ ಮಗುಚ್ತದೆ."

"ನೀನು ಸೀನಣ್ಣನಿಗೆ ಅವಳು ದೋಣಿಯವನನ್ನೇ ಮದುವೆ ಆಗ್ತಾಳೆ ಅಂದ್ಯಂತಲ್ಲ?" ಎಂದಳು ನಾಗವೇಣಿ.

"ಅವನು ಬೇಜಾರಲ್ಲಿದ್ದ. ಹಾಗೆ ಹೇಳಿದೆ."

ನಾಗವೇಣಿ ನಮ್ಮಿಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿದಳು. "ನೀವಿಬ್ಬರೂ ಓದಿದವರು! ಅಲ್ಲ ಮೇಡಂ, ನೀವು ಹೇಳಿ ನಾನು ಕೇಳಿದ್ರೆ ಓದಿದ ಹಾಗೆ ಆಯ್ತಾ? ನೀವು ಉಂಡದ್ದನ್ನ ಹೇಳಿದ್ರೆ ನನ್ನ ಹೊಟ್ಟೆ ತುಂಬ್ತದಾ? ಅಚ್ಚಾದದ್ದು ಬೇಕು ನನಗೆ. ಇಲ್ಲ ಅಂದ್ರೆ ಇದೇ ಕೊನೆ. ಪುಸ್ತಕದ ಸಹವಾಸ ಸಾಕು." ಕರುವಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಸಣ್ಣ ದನಿಯಲ್ಲಿ ಅಂದಳು: "ನಾದಿನಿ ರಾಗಿ ಬೀಸಬೇಕು ಅಂತಲ್ಲ ಮೇಡಂ. ಅಷ್ಟು ದೂರ ಹೋಗಿದ್ದೆ ನಾನು."

ಆ ಮಾತು ಅವಳು ಆಡಿದಳೇ, ನಾನು ಅವಳ ಬಾಯಿಗೆ ಹಾಕುತ್ತಿದ್ದೇನೆಯೇ ಎಂದು ಇದನ್ನು ಬರೆಯುವಾಗ ಎರಡು ದಿನ ಯೋಚಿಸಿದೆ. ಫೋನು ಮಾಡಿ ಕೇಳಿದೆ. "ಆಡಿದ್ದೆ," ಅಂದಳು.

ಕೊಪ್ಪ, ನರಸಿಂಹರಾಜಪುರ, ಬಾಳೆಹೊನ್ನೂರು, ಎಲ್ಲ ಕಡೆ ವಿಚಾರಿಸಿದೆ. ಎಲ್ಲೂ ಇಲ್ಲ. ಕೊನೆಗೆ ಶೃಂಗೇರಿಯಿಂದ ನೆಮ್ಮಾರ್ ಕಡೆಗೆ ಹೋಗುವ ದಾರಿಯಲ್ಲಿ, ಪುರೋಹಿತ ಮನೆತನದ ವಯಸ್ಸಾದ ಭಟ್ಟರೊಬ್ಬರ ಮನೆಯಲ್ಲಿ ಒಂದು ಪ್ರತಿ ಇದೆಯೆಂದು ಗೊತ್ತಾಯಿತು. ಫೋನು ಮಾಡಿ, ಕೊನೆಯ ಪುಟಗಳ ಫೋಟೊ ತೆಗೆದು ಕಳಿಸುತ್ತೀರಾ ಎಂದೆ. "ಈ ಫೋನಲ್ಲಾ? ಇದು ಗೋಡೆಗೆ ಹೊಡೆದದ್ದು," ಎಂದರು. ಎರವಲು ಕೊಡುತ್ತೀರಾ ಎಂದೆ. "ಪುಸ್ತಕ ಹೊಸ್ತಿಲು ದಾಟೂದಿಲ್ಲ. ನೀವು ದಾಟಬಹುದು. ಬನ್ನಿ."

ನಾಗವೇಣಿ ಗಿರಣಿಗೆ ಬೀಗ ಹಾಕಿದಳು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಇವತ್ತು ಓದಲು ಹೋಗಿದ್ದೇನೆ' ಎಂದು ಬರೆದಳು. ಊರೇ ಅದನ್ನು ಓದಿತು. ಬರೆದದ್ದು ತೆಳ್ಳಗಿತ್ತಲ್ಲ.

ಭಟ್ಟರು ಪುಸ್ತಕವನ್ನು ಮಣೆಯ ಮೇಲಿಟ್ಟು ಕಾದಿದ್ದರು. ನಾನು ಮೊಬೈಲು ತೆಗೆದ ಕೂಡಲೇ ಕೈ ಅಡ್ಡ ಹಿಡಿದರು. "ಅದೆಲ್ಲ ಬೇಡ. ಕೂತ್ಕೊಳಿ. ಆಸರಿಗೆ ಎಂತ ಬೇಕು, ಮಜ್ಜಿಗೆಯಾ?" ನಾಗವೇಣಿ ಮಜ್ಜಿಗೆಯನ್ನು ಪುಸ್ತಕದಿಂದ ಮಾರು ದೂರ ಸರಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬೆರಳಿಟ್ಟು ಶುರು ಮಾಡಿದಳು. ತುಟಿ ಅಲುಗುತ್ತಿತ್ತು. ಬೆರಳು ಅಡಿಕೆ ಮರ ಹತ್ತುವವನ ಹಾಗೆ ಒಂದೊಂದೇ ಗೇಣು ಏರುತ್ತಿತ್ತು.

ಸ್ವಲ್ಪ ಹೊತ್ತಿಗೇ ಭಟ್ಟರಿಗೆ ತಾಳ್ಮೆ ತಪ್ಪಿತು. "ತಂಗಿ, ನಾನು ಓದಿ ಹೇಳ್ಲಾ? ನಂಗೆ ಅಭ್ಯಾಸ ಉಂಟು. ಒಂದು ಗಳಿಗೆಯಲ್ಲಿ ಮುಗಿಸ್ತೆ."

"ಬೇಡ ಭಟ್ರೇ."

ಮತ್ತೆ ಸ್ವಲ್ಪ ಹೊತ್ತು. "ಇನ್ನೂ ಅದೇ ಪುಟವಾ?"

ನಾಗವೇಣಿ ತಲೆ ಎತ್ತಲಿಲ್ಲ. "ನಿಮ್ಮ ಜಪ ನಾನು ಅರ್ಧ ಮಾಡಿಕೊಡ್ಲಾ ಭಟ್ರೇ?"

ಒಳಗಿನಿಂದ ಭಟ್ಟರ ಹೆಂಡತಿ ನಕ್ಕ ಸದ್ದು ಕೇಳಿತು. ಊಟವಾಯಿತು. ಮತ್ತೆ ಓದು. ಬಿಸಿಲು ಜಗಲಿಯಿಂದ ಇಳಿಯಿತು. ಭಟ್ಟರು ಈಗ ಅವಳ ಬೆರಳನ್ನೇ ನೋಡುತ್ತ ಕೂತಿದ್ದರು. ಬೆರಳು ತಡವರಿಸಿದಲ್ಲಿ ಅವರ ಉಸಿರೂ ತಡವರಿಸುತ್ತಿತ್ತು. ಅವರಿಗೆ ಕಥೆ ಗೊತ್ತಿತ್ತು, ಆದರೂ. ನಾನು ನನ್ನ ಕೆಲಸದಲ್ಲಿ ಎಷ್ಟೋ ಜನರಿಗೆ ಪುಸ್ತಕ ಕೊಟ್ಟಿದ್ದೆ, ಒಬ್ಬ ಮನುಷ್ಯ ಓದುವುದನ್ನು ಇಷ್ಟು ಹೊತ್ತು ಕೂತು ನೋಡಿರಲಿಲ್ಲ. ಅದೊಂದು ದೇಹದ ಕೆಲಸ. ಬೆವರು ಬರುತ್ತದೆ.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿತು. ಕೊಪ್ಪದ ಕಡೆಗೆ ಅದೇ ಕೊನೆಯದು.

"ನಾಗವೇಣಿ, ಬಸ್ಸು."

"ಎರಡು ಪುಟ ಇದೆ."

"ಅದು ತಪ್ಪಿದರೆ ಬೇರೆ ಇಲ್ಲ ಮಾರಾಯ್ತಿ!"

"ಹೋಗ್ಲಿ ಬಿಡಿ."

ನಾನು ಏಳುವ ಮೊದಲೇ ಭಟ್ಟರು ಎದ್ದರು. ಪಂಚೆ ಎತ್ತಿ ಕಟ್ಟಿ, ಹೆಗಲ ಶಲ್ಯ ಕೈಗೆ ತೆಗೆದುಕೊಂಡು, ಅಂಗಳ ದಾಟಿ ರಸ್ತೆಯ ನಡುವೆ ನಿಂತು ಬೀಸತೊಡಗಿದರು. ಬಸ್ಸು ಕಿರ್ರೆಂದು ಅವರ ಹೊಟ್ಟೆಯ ಹತ್ತಿರ ನಿಂತಿತು. ಕಂಡಕ್ಟರು ಧುಮುಕಿದ.

"ಎಂತಾಯ್ತು ಭಟ್ರೇ? ಯಾರಿಗೆ ಹುಷಾರಿಲ್ಲ?"

"ಎಲ್ಲರಿಗೂ ಹುಷಾರುಂಟು. ಒಳಗೆ ಒಬ್ರು ಓದ್ತಾ ಇದ್ದಾರೆ. ಎರಡು ಪುಟ ಉಂಟು. ನಿಲ್ಸು."

"ಎರಡು ಪುಟವಾ!"

"ಸಣ್ಣ ಪುಟ ಮಾರಾಯ."

ಡ್ರೈವರು ಹಾರನ್ನು ಒತ್ತಿದ. ಭಟ್ಟರು ಬಸ್ಸಿನ ಮೂತಿಯನ್ನು ಅಂಗೈಯಿಂದ ತಟ್ಟಿದರು, ಹೋರಿಯನ್ನು ಸಮಾಧಾನ ಮಾಡುವ ಹಾಗೆ. "ಹಾರನ್ ಹೊಡಿಬೇಡ, ಅವಳಿಗೆ ಸಾಲು ತಪ್ತದೆ." ಕಿಟಕಿಗಳಿಂದ ತಲೆಗಳು ಹೊರಬಂದವು. ಏನು ವಿಷಯ ಎಂದು ಒಬ್ಬರು ಕೇಳಿದರು, ದೋಣಿಯ ಕಥೆಯಂತೆ ಎಂದು ಇನ್ನೊಬ್ಬರು ಹೇಳಿದರು, ಹತ್ತುತ್ತಾಳಾ ಇಲ್ಲವಾ ಎಂದು ಮತ್ತೊಬ್ಬರು ಕೇಳಿದರು. ಯಾರು ಹತ್ತಬೇಕು, ಬಸ್ಸಿಗಾ, ದೋಣಿಗಾ ಎಂದು ಹಿಂದಿನ ಸೀಟಿನವರಿಗೆ ತಿಳಿಯಲಿಲ್ಲ. ಕೊನೆಗೆ ಡ್ರೈವರು ಇಂಜಿನ್ನು ಆಫ್ ಮಾಡಿದ.

ನನ್ನ ಜೀವಮಾನವೆಲ್ಲ ಬಸ್ಸು ಬಂದು ನನ್ನ ಓದುಗರನ್ನು ಎಬ್ಬಿಸಿಕೊಂಡು ಹೋಗಿತ್ತು. ಈಗ ಒಂದು ಬಸ್ಸು, ಒಳಗೆ ತುಂಬಿದ ಜನರ ಸಮೇತ, ಓದುತ್ತಿರುವ ಒಬ್ಬಳಿಗಾಗಿ ಬಾಯಿ ಮುಚ್ಚಿಕೊಂಡು ನಿಂತಿತ್ತು. ನಾನು ಅಂಗಳದ ನಡುವೆ ನಿಂತು ಅತ್ತ ಒಮ್ಮೆ ಇತ್ತ ಒಮ್ಮೆ ನೋಡುತ್ತ ಹುಚ್ಚಿಯ ಹಾಗೆ ನಗುತ್ತಿದ್ದೆ. ಇದರಲ್ಲಿ ಒಂದು ಚೂರೂ ಸೇರಿಸಿಲ್ಲ.

ನಾಗವೇಣಿ ಪುಸ್ತಕ ಮುಚ್ಚಿದಳು. ಎರಡೂ ಕೈಯಲ್ಲಿ ಎತ್ತಿ ಭಟ್ಟರ ಹೆಂಡತಿಗೆ ಕೊಟ್ಟಳು. ಚಪ್ಪಲಿ ಮೆಟ್ಟಿ ಬಂದು ಬಸ್ಸು ಹತ್ತಿದಳು. ಇಡೀ ಬಸ್ಸು ಅವಳ ಮುಖ ನೋಡಿತು.

"ಎಂತಾಯ್ತಮ್ಮ?" ಎಂದ ಕಂಡಕ್ಟರು. "ಹತ್ತಿದ್ಲಾ?"

"ಓದ್ಕೊಳಿ."

"ಇಷ್ಟು ಹೊತ್ತು ನಿಲ್ಸಿದ್ದೀವಿ, ಅಷ್ಟಾದ್ರೂ ಹೇಳಿ ಮಾರಾಯ್ರೆ!"

"ಮನೆ ನೋಡಿದ್ರಲ್ಲ. ಭಟ್ರು ಮಜ್ಜಿಗೆ ಕೊಡ್ತಾರೆ."

ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, ನಾನು ಹೇಳಿದ್ದು ಸರಿಯೋ ರಾಘವ ಹೇಳಿದ್ದು ಸರಿಯೋ ಎಂದು. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಮುಂದಿನ ವಾರ ನಾನೇ ಹೋಗಿ ಓದಿದೆ, ಇಬ್ಬರದೂ ತಪ್ಪು. ನೀವೂ ಕೇಳಬೇಡಿ.

ಶೃಂಗೇರಿ ದಾಟಿತು. ನಾಗವೇಣಿ ಸ್ವಲ್ಪ ಹೊತ್ತು ಕಿಟಕಿ ನೋಡಿದಳು, ಕೈ ನೋಡಿಕೊಂಡಳು, ಬೆರಳು ಮಡಚಿದಳು, ಬಿಡಿಸಿದಳು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದಳು.

"ಬೇರೆದು ಇದ್ಯಾ?"

"ಎಂಥದು?"

"ಪುಸ್ತಕ."

ನನ್ನ ಚೀಲದಲ್ಲಿ ಕೊಡೆಯಿತ್ತು, ನೀರಿನ ಬಾಟಲಿಯಿತ್ತು, ಭಟ್ಟರ ಹೆಂಡತಿ ಕೊಟ್ಟ ಬಾಳೆಕಾಯಿ ಚಿಪ್ಸ್ ಇತ್ತು.

"ಇಲ್ಲ ನಾಗವೇಣಿ."

"ಎಂತ ಲೈಬ್ರರಿ ಮೇಡಂ ಮಾರಾಯ್ತಿ ನೀವು!" ಬಸ್ಸಿಗೆ ಕೇಳುವ ಹಾಗೆ ಅಂದಳು. "ನಾಳೆ ಬಾಗಿಲು ಬೇಗ ತೆಗೀರಿ, ನಾನೇ ಬರ್ತೀನಿ. ದಪ್ಪದ್ದು ಒಂದು ತೆಗೆದಿಡಿ. ಕೊಯ್ಯಬೇಡಿ."

ಅಷ್ಟು ಹೇಳಿ, ಕಂಡಕ್ಟರು ಕೊಟ್ಟ ಟಿಕೆಟ್ಟನ್ನು ತೊಡೆಯ ಮೇಲೆ ನೀವಿ ನೇರ ಮಾಡಿಕೊಂಡು, ಅದರ ಮೇಲೆ ಬೆರಳಿಟ್ಟು, ಮೊದಲ ಅಕ್ಷರದಿಂದ ಓದಲು ಶುರು ಮಾಡಿದಳು. ಒಂದು ಬದಿ ಮುಗಿದ ಮೇಲೆ ತಿರುವಿದಳು.